ಅಣ್ಣನ ಮನೆಯ ಕರೆಂಟು

ಸಾಯಮ್ಮನಿಗೆ ಇಬ್ಬರು ಗಂಡುಮಕ್ಕಳು. ಆ ಇಬ್ಬರ ನಡುವೆ ಎರಡು ವರ್ಷದಿಂದ ಮಾತಿಲ್ಲ. ಹಿರಿಯವನು ಜೈಭೀಮ, ನಾರಾಯಣಖೇಡದ ಕಡೆ ಸರಕಾರಿ ಸಾಲೆಯ ಮಾಸ್ತರ. ಕಿರಿಯವನು ಪ್ರಬುದ್ಧ, ಡಿಗ್ರಿ ಅರ್ಧಕ್ಕೆ ಬಿಟ್ಟು ನ್ಯಾಲ್ಕಲ್ ಸುತ್ತಿನ ಹಳ್ಳಿಗಳಲ್ಲಿ ಮನೆಗಳಿಗೆ ಕರೆಂಟಿನ ಫಿಟ್ಟಿಂಗ್ ಮಾಡುತ್ತ, ಮಾಳಿಗೆಗಳ ಮೇಲೆ ಟೀವಿಯ ಡಿಶ್ ಛತ್ರಿ ಕೂಡಿಸುತ್ತ ತಿರುಗುವವನು. ಜಗಳ ಆಸ್ತಿಯದಲ್ಲ. ಬೇರೆ ರಾಜ್ಯ ಬೇಕೆಂಬ ಚಳವಳಿಯಲ್ಲಿ ಪ್ರಬುದ್ಧ ರೈಲಿನ ಮುಂದೆ ಕೂತ. ಅವನನ್ನು ಹುಡುಕಿಕೊಂಡು ಪೊಲೀಸರು ಅಣ್ಣನ ಸಾಲೆಗೆ ಹೋಗಿ, ಮಕ್ಕಳೆದುರಿಗೇ ಜೈಭೀಮನನ್ನು ಕಳ್ಳನನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿ ಕೇಳಿದರು. ಅದೇ ಸಂಜೆ ಅವನು ಊರಿಗೆ ಬಂದು ತಮ್ಮನ ಕೆನ್ನೆಗೆ ಬಾರಿಸಿದ. 'ಇನ್ನ ನಿನ್ನ ಹೆಸರು ನನ್ನ ಮುಂದ ಬ್ಯಾಡ' ಅಂದು ಹೋದವನು ಮತ್ತೆ ತಮ್ಮನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಸಾಯಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಮಕ್ಕಳನ್ನು ಕೂಡಿಸಲು ಅವಳು ಹಿಡಿದ ದಾರಿ ಸುಳ್ಳಿನದು. 'ನಿಮ್ಮಣ್ಣ ನಿನ್ನ ಭಾಳ ನೆನಸ್ಲತ್ಯಾನ' ಎಂದು ಕಿರಿಯವನಿಗೆ ಹೇಳುವಳು. ತಾನೇ ಗುಡ್ಡ ಸುತ್ತಿ ಕಿತ್ತ ಸೀತಾಫಲವನ್ನು ಹಿರಿಯವನ ಮುಂದಿಟ್ಟು 'ತಮ್ಮ ಕೊಟ್ಟು ಕಳಿಸ್ಯಾನ' ಅನ್ನುವಳು. ಇಬ್ಬರೂ ಅವ್ವನ ಮಾತು ಕೇಳಿ ತಲೆಯಾಡಿಸುವರೇ ಹೊರತು ನಂಬುವವರಲ್ಲ. ಮಕ್ಕಳಿಗೆ ತಾಯಿಯ ಸುಳ್ಳು ಗೊತ್ತಾಗದೆ ಇರುತ್ತದೆಯೇ? ಅವರು ನಂಬಲಿಲ್ಲವೆಂಬುದು ಸಾಯಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಲೇ ಬಂದಳು.

ಈ ನಡುವೆ ಜೈಭೀಮ ಊರಲ್ಲಿ ಕೇರಿಯ ಅಂಚಿಗೆ ಎರಡು ಕೋಣೆಯ ಸ್ಲ್ಯಾಬಿನ ಮನೆ ಕಟ್ಟಿಸಿದ. ಬಾಗಿಲ ಮೇಲೆ ಅಂಬೇಡ್ಕರರ ಫೋಟೋ, ಮಾಳಿಗೆಯ ಮೇಲೆ ಪಂಚಶೀಲದ ಧ್ವಜ ಎಲ್ಲ ಆಯಿತು. ಅಂಬೇಡ್ಕರರು ಬೌದ್ಧರಾದ ಧಮ್ಮಚಕ್ರದ ದಿನ ಮನೆ ಹೊಗುವುದೆಂದು ನಿಶ್ಚಯ. ಆದರೆ ಫಿಟ್ಟಿಂಗ್ ಮಾಡಲು, ಛತ್ರಿ ಕೂಡಿಸಲು ಅವನು ಕರೆಸಿದ್ದು ಜಾಹೀರಾಬಾದಿನ ಧರ್ಮಣ್ಣನನ್ನು. ಐದು ಹಳ್ಳಿಯ ಮನೆಗಳಿಗೆ ಬೆಳಕು ಕೊಟ್ಟ ತಮ್ಮನೇ ಮನೆಯಲ್ಲಿ ಇರುವಾಗ ಪೇಟೆಯವನನ್ನು ಕರೆಸಿದರೆ ಊರು ನಗದೆ ಇರುತ್ತದೆಯೇ? ಚಹಾದಂಗಡಿಯಲ್ಲಿ ಯಾರೋ ಕೆಣಕಿದರು. ಪ್ರಬುದ್ಧನಿಗೆ ರೇಗಿ, 'ಆ ಮನೀಗಿ ಕರೆಂಟ್ ಹೆಂಗ ಬರ್ತದ, ನಾನೂ ನೋಡ್ತೀನಿ' ಅಂದುಬಿಟ್ಟ. ಆ ಮಾತು ಅಣ್ಣನ ಕಿವಿಗೆ ಬೀಳಲು ಅರ್ಧ ದಿನವೂ ಬೇಕಾಗಲಿಲ್ಲ. ಮನೆಗೆ ಬಂದ ಪ್ರಬುದ್ಧ ಗೋಡೆಗೆ ಮುಖ ಮಾಡಿ ಮಲಗಿದ್ದು, ಕರೆದರೂ ಉಣ್ಣಲು ಏಳದೆ ಇದ್ದದ್ದು ಯಾರ ಕಿವಿಗೂ ಬೀಳಲಿಲ್ಲ. ಅದನ್ನು ಕಂಡವಳು ಸಾಯಮ್ಮ ಒಬ್ಬಳೇ. ಅವಳಿಗೆ ಆಗ ಹತ್ತಿದ ಹಂಬಲ ಒಂದೇ. ಆ ಮನೆಗೆ ತಮ್ಮನ ಕೈ ಹತ್ತಬೇಕು, ಹತ್ತಿದ್ದು ಅಣ್ಣನಿಗೆ ತಿಳಿಯಬೇಕು.

ದಾರಿ ತೋರಿಸಿದವನು ಪ್ರಬುದ್ಧನೇ. ಒಂದು ಬೆಳಗ್ಗೆ ಚಹಾ ಕುಡಿಯುತ್ತ, ಯಾರಿಗೋ ಹೇಳಿದ ಹಾಗೆ ಹೇಳಿದ:

'ಪ್ಯಾಟಿಯವ ಮನಿ ಒಳಗಿಂದು ನೋಡ್ತಾನ, ಊರ ಲೈನ್ ಏನ್ ನೋಡ್ತಾನ? ಆ ಮನಿ ಹಿಂದಿನ ಮೂಲಿ ಕಂಬದಾಗ ಜಾಯಿಂಟ್ ಸಡ್ಲಾಗ್ಯಾದ. ಹಂಗೇ ಬಿಟ್ರ ಕರೆಂಟ್ ಒಮ್ಮೆ ಏರ್ತದ, ಒಮ್ಮೆ ಇಳೀತದ. ಹೊಸಾ ಟೀವಿ ಸುಟ್ಟು ಹೋಗ್ತದ.'

'ಹಂಗಾದ್ರ ನೀನೇ ಬಿಗಿ ಮಾಡು' ಅಂದಳು ಸಾಯಮ್ಮ.

'ನಂಗೇನ್ ಬಿದ್ದದ?' ಅಂದ. ಬಟ್ಟಲು ಕೆಳಗಿಟ್ಟು, 'ಅವರು ಎಲ್‌ಸಿ ತಗೊಂಡಾಗ ಹತ್ತಿ ಬಿಗಿ ಮಾಡಿ ಇಳೀತೀನಿ. ಅಣ್ಣಗ ಹೇಳಬ್ಯಾಡ. ಹೇಳಿದ್ರ ಬ್ಯಾಡಂತಾನ' ಅಂದ.

'ಈಗ ಹೇಳಂಗಿಲ್ಲ. ಟೀವಿ ಬಂದ ಮ್ಯಾಲ, ಊಟಕ್ಕ ಕೂತಾಗ ಹೇಳ್ತೀನಿ. ಆಗ ನೀ ಬರಬೇಕು.'

ಪ್ರಬುದ್ಧ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸಾಯಮ್ಮನಿಗೆ ಅಷ್ಟೇ ಸಾಕಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಅಣ್ಣನಿಗೆ ಹೇಳಲು ಒಂದು ನಿಜವಾದ ಮಾತು ಅವಳಿಗೆ ಸಿಕ್ಕಿತ್ತು.

ಎಲ್‌ಸಿ ಅಂದರೆ ಲೈನು ಬಂದ್ ಮಾಡಿಸುವುದು. ಕಂಬ ಹತ್ತುವವನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಳ್ಳಬೇಕು, ಕೆಲಸ ಮುಗಿದ ಮೇಲೆ ಅವನೇ ಫೋನ್ ಮಾಡಿ ವಾಪಸ್ ಕೊಡಬೇಕು. ಅಲ್ಲಿಯವರೆಗೆ ಊರಿಗೆ ಊರೇ ಬಂದ್. ನಿಯಮವೇನೋ ಚೊಕ್ಕಟವೇ. ಆದರೆ ಊರಿನ ರೂಢಿ ಬೇರೆ. ಒಬ್ಬ ಎಲ್‌ಸಿ ತಗೊಂಡರೆ ಅದು ಎಲ್ಲರದೂ. ಕರೆಂಟು ಹೋಯಿತೆಂದರೆ ಮೋಟರಿನ ವೈರು ಸರಿಮಾಡುವವರು, ಕರೆಂಟು ಕದಿಯಲು ಕೊಂಡಿ ಹಾಕುವವರು ಅಲ್ಲಲ್ಲಿ ಕಂಬ ಹತ್ತಿಬಿಡುವರು. ಯಾರೂ ಯಾರಿಗೂ ಹೇಳುವುದಿಲ್ಲ. ಇದು ಗೊತ್ತಿದ್ದ ಲೈನ್‌ಮನ್ ವಿಠೋಬಾ, ವಾಪಸ್ ಕೊಡುವ ಮೊದಲು ಓಣಿ ಓಣಿ ತಿರುಗಿ 'ಇಳೀರಿ, ಇಳೀರ್ರಪ್ಪೋ' ಎಂದು ಕೂಗಿಯೇ ಫೋನ್ ಹಚ್ಚುತ್ತಿದ್ದ. ಇಡೀ ಊರಿನ ಜೀವ ಆ ಒಂದು ಕೂಗಿನ ಮೇಲೆ ನಿಂತಿತ್ತು, ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ.

ಆಗ ನಡೆದಿದ್ದದ್ದು ಸಕಲ ಜನುಲ ಸಮ್ಮೆ, ಬೇರೆ ರಾಜ್ಯಕ್ಕಾಗಿ ಎಲ್ಲ ಜನರ ಮುಷ್ಕರ. ಬಸ್ಸಿಲ್ಲ, ಸಾಲೆಯಿಲ್ಲ, ಕಚೇರಿಗಳಿಗೆ ಬೀಗ. ವಿಠೋಬಾ ಮಂಡಲ ಕಚೇರಿಯ ಮುಂದಿನ ಧರಣಿಯ ಟೆಂಟಿನಲ್ಲಿ ಕೂತಿದ್ದ. ತಮ್ಮ ರೈಲಿನ ಮುಂದೆ ಕೂತದ್ದಕ್ಕೆ ಕೆನ್ನೆಗೆ ಹೊಡೆದಿದ್ದ ಜೈಭೀಮ ಮಾಸ್ತರನೂ ಈಗ ಕೊರಳಿಗೆ ಚಳವಳಿಯ ರುಮಾಲು ಸುತ್ತಿಕೊಂಡು ನಾರಾಯಣಖೇಡದ ಟೆಂಟಿನಲ್ಲಿ ಕೂತು ಬಂದವನೇ. ಇದನ್ನು ಹೇಳಿ ಒಮ್ಮೆ ನಕ್ಕಿದ್ದರೆ ಅಣ್ಣತಮ್ಮಂದಿರ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ನಗಲು ಇಬ್ಬರೂ ಒಂದು ಕಡೆ ಕೂಡಬೇಕಲ್ಲ.

ಮನೆ ಹೊಗುವ ದಿನ ಬೆಳಗ್ಗೆ ಧರ್ಮಣ್ಣ ಜೀಪಿನಲ್ಲಿ ಬಂದಿಳಿದ. ಬೋರ್ಡುಗಳಿಗೆ ವೈರು ಕೂಡಿಸಿ, ಮಾಳಿಗೆಯ ಮೇಲೆ ಛತ್ರಿಯನ್ನು ಬೋಲ್ಟು ಹಾಕಿ ನಿಲ್ಲಿಸಿ, ಕೇಬಲ್ಲನ್ನು ಕಿಟಕಿಯಿಂದ ಒಳಗೆ ಇಳಿಬಿಟ್ಟ. ಜೈಭೀಮನ ಹೆಂಡತಿ ಸ್ವರೂಪಾ ಹೊಸ ಟೀವಿಯ ಮೇಲಿನ ಪ್ಲಾಸ್ಟಿಕ್ ಕಿತ್ತು ಸೆರಗಿನಿಂದ ಮತ್ತೆ ಮತ್ತೆ ಒರೆಸಿದಳು. ಇನ್ನು ಉಳಿದದ್ದು ಮುಂದಿನ ಕಂಬದಿಂದ ಮನೆಗೆ ಸರ್ವೀಸ್ ವೈರು ಕೂಡಿಸುವುದು. ಜೈಭೀಮ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದ. ಅಲ್ಲಿಯೂ ಸಮ್ಮೆ, ಹಳೆಯ ಆಪರೇಟರ್ ಇರಲಿಲ್ಲ, ಯಾರೋ ಹೊಸಬ ಎತ್ತಿದ. ಕರೆಂಟು ಹೋಯಿತು. ಧರ್ಮಣ್ಣ ಮುಂದಿನ ಕಂಬ ಹತ್ತಿದ.

ಸಾಯಮ್ಮ ಹಿತ್ತಲಿಗೆ ಬಂದು ನೋಡಿದಳು. ಮೂಲೆಯ ಕಂಬ ಬೇವಿನ ಮರದ ಮರೆಯಲ್ಲಿ, ಮುಳ್ಳುಬೇಲಿಯ ಆಚೆ. ಪ್ರಬುದ್ಧ ಬೇಲಿಯ ಹಿಂದೆ ನಿಂತಿದ್ದ. ಅಂಗಳದಲ್ಲಿ ಅಡ್ಡಾಡುತ್ತಿದ್ದ ಅಣ್ಣ ಒಳಗೆ ಹೋಗಲಿ ಎಂದು ಕಾದು, ಆಮೇಲೆ ಕಂಬಕ್ಕೆ ಕಾಲು ಕೊಟ್ಟ. ಅವ್ವನನ್ನು ನೋಡಿ, ಒಳಗೆ ಹೋಗು ಎಂದು ಕೈ ಮಾಡಿದ. ಅವಳು ಒಳಗೆ ಬಂದು ಒಲೆಯ ಮುಂದೆ ಕೂತಳು. ಹೂರಣ ತಿರುವುತ್ತ, ಊಟದ ಹೊತ್ತಿಗೆ ಆಡಬೇಕಾದ ಮಾತನ್ನು ತುಟಿಯೊಳಗೇ ಆಡಿ ನೋಡಿದಳು.

ಪೇಟೆಯವನ ಕೈ ಚುರುಕು. ನೋಡನೋಡುತ್ತಲೇ ಕೆಲಸ ಮುಗಿಸಿ ಇಳಿದು, 'ಮಾಸ್ತರ್, ವಾಪಸ್ ಕೊಡ್ರಿ' ಅಂದ. ಜೈಭೀಮನಿಗೆ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ವಿಠೋಬಾನ ಕೂಗು ಅವನ ನೆನಪಿಗೆ ಬರಲಿಲ್ಲ. ಫೋನ್ ಹಚ್ಚಿದ. 'ಆತ್ರಿ, ನಮ್ಮ ಕೆಲಸ ಮುಗೀತು, ಕೊಡ್ರಿ ಕರೆಂಟ್' ಅನ್ನುವುದು ಸಾಯಮ್ಮನಿಗೆ ಒಲೆಯ ಮುಂದೆ ಸ್ಪಷ್ಟವಾಗಿ ಕೇಳಿಸಿತು.

ಅವಳು ಹೂರಣದ ಸೌಟು ಬಿಟ್ಟು ಎದ್ದಳು. ಮಗ ನಾಲ್ಕು ಹೆಜ್ಜೆ ಆಚೆ ನಿಂತಿದ್ದ, ಫೋನ್ ಇನ್ನೂ ಕಿವಿಯಲ್ಲೇ ಇತ್ತು. 'ತಡಿ, ನಿನ್ನ ತಮ್ಮ ಕಂಬದ ಮ್ಯಾಲ ಇದ್ದಾನ' ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಅನ್ನಲಿಲ್ಲ. ಈಗ ಅಂದರೆ ಜೈಭೀಮ ಸಿಟ್ಟಾಗುತ್ತಾನೆ, ಎಲ್ಲರ ಮುಂದೆ ಏನಾದರೂ ಅಂದುಬಿಡುತ್ತಾನೆ, ಊಟಕ್ಕೆ ಕೂಡಿಸಬೇಕೆಂದಿದ್ದದ್ದು ಕೆಟ್ಟುಹೋಗುತ್ತದೆ, ಇಷ್ಟೇ ಅವಳ ತಲೆಗೆ ಹೊಳೆದದ್ದು. ಹಳೆಯ ಆಪರೇಟರ್ ಎಂದೂ ಫೋನಿಟ್ಟ ಕೂಡಲೇ ಕರೆಂಟು ಕೊಟ್ಟವನಲ್ಲ, ಚಹಾ ಕುಡಿದು ಬೀಡಿ ಸೇದಿ ಕೊಡುವವನು. ಅಷ್ಟರಲ್ಲಿ ತಾನೇ ಓಡಿಹೋಗಿ ಇಳಿಸಿದರಾಯಿತು ಅಂದುಕೊಂಡಳು. ಹಿತ್ತಲ ಬಾಗಿಲಿನಿಂದ ಓಡಿದಳು.

ಬೇಲಿ ದಾಟುವ ಮೊದಲೇ ಹಿಂದೆ ಮನೆಯಲ್ಲಿ ಬಲ್ಬು ಹತ್ತಿತು. ಸ್ವರೂಪಾ ಚಪ್ಪಾಳೆ ತಟ್ಟಿದಳು. ಬೇವಿನ ಮರದ ಆಚೆ ಒಂದು ಸದ್ದಾಯಿತು, ಅಷ್ಟೇ.

ಧರ್ಮಣ್ಣ ಮಾಳಿಗೆ ಹತ್ತಿ ಛತ್ರಿ ತಿರುಗಿಸತೊಡಗಿದ್ದ. 'ಬಂತೇನ್ರಿ?' ಎಂದು ಮೇಲಿನಿಂದ ಅವನು. 'ಇಲ್ರಿ, ಇನ್ನೂ ಜರಾ' ಎಂದು ಒಳಗಿನಿಂದ ಸ್ವರೂಪಾ. ಸಾಯಮ್ಮ ಕಂಬದ ಕೆಳಗೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಆ ಬಂತು-ಇಲ್ಲಗಳ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ಕಡೆಗೆ ಧರ್ಮಣ್ಣನೇ ತಲೆಯೆತ್ತಿ, ಮೂಲೆಯ ಕಂಬದ ತಂತಿಗಳಲ್ಲಿ ಒರಗಿ ನಿಂತಂತಿದ್ದ ಮನುಷ್ಯನನ್ನು ಕಂಡು ಚೀರಿದ. ಅದೇ ಗಳಿಗೆಯಲ್ಲಿ ಕೆಳಗೆ ಟೀವಿಯಲ್ಲಿ ಚಿತ್ರ ಬಂದಿತ್ತು. ಸ್ವರೂಪಾ 'ಬಂತು, ಬಂತು' ಅನ್ನುತ್ತಿದ್ದಳು.

ಪ್ರಬುದ್ಧ ಯಾಕೆ ಹತ್ತಿದ್ದ ಎಂಬುದಕ್ಕೆ ಮಧ್ಯಾಹ್ನದೊಳಗೆ ಊರಲ್ಲಿ ಮೂರು ಕತೆ ಹುಟ್ಟಿದವು. ಕೊಂಡಿ ಹಾಕಲು ಹೋಗಿದ್ದ ಎಂದು ಕೆಲವರು ಅಂದರು. ಮಂಡಲದಿಂದ ರುಮಾಲಿನವರು ಬಂದು, ಇವನು ಚಳವಳಿಯ ಹುಡುಗ, ಅಮರನಾಗಿದ್ದಾನೆ, ಮೆರವಣಿಗೆ ಮಾಡುತ್ತೇವೆ ಅಂದರು. ರೈಲಿನ ಮುಂದೆ ಕೂತದ್ದಕ್ಕೆ ಪೊಲೀಸರು ಅವನನ್ನು ಹುಡುಕುವಾಗ ಇವರಲ್ಲಿ ಒಬ್ಬನೂ ಬಂದಿರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟದ್ದು ಮೂರನೆಯದು. ಚಹಾದಂಗಡಿಯಲ್ಲಿ ಅವನು ಆಡಿದ ಮಾತು ಎಲ್ಲರಿಗೂ ಬಾಯಿಪಾಠವಿತ್ತಲ್ಲ! ಬಿಗಿ ಮಾಡುವ ಮೊದಲು ಜಾಯಿಂಟಿನ ಹಳೆಯ ಸುತ್ತು ಬಿಚ್ಚಲೇಬೇಕು. ಅವನು ಅರ್ಧ ಬಿಚ್ಚಿದ್ದ. ಅರ್ಧ ಬಿಚ್ಚಿದ ತಂತಿ, ಕೆಳಗೆ ಬಿದ್ದ ಇಕ್ಕಳ ನೋಡಿದವರು, ಅಣ್ಣನ ಮನೆಯ ಲೈನು ಕಡಿಯಲು ಹತ್ತಿದ್ದ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು. ಸತ್ತವನ ಬಗ್ಗೆ ಗಟ್ಟಿಯಾಗಿ ಅನ್ನಬಾರದೆಂಬಷ್ಟು ಮರ್ಯಾದೆ ಊರಿಗೆ ಇತ್ತು.

ಜೈಭೀಮ ಮಣ್ಣಿಗೆ ಹೋಗಿಬಂದವನು ಹೊಸ ಮನೆಯೊಳಗೆ ಕಾಲಿಡಲಿಲ್ಲ. ಹಳೆಯ ಮನೆಯಲ್ಲಿ, ತಮ್ಮ ಮಲಗುತ್ತಿದ್ದ ಜಾಗದಲ್ಲಿ ಕೂತುಬಿಟ್ಟ. ಯಾರು ಮಾತಾಡಿಸಿದರೂ 'ನಾನೇ ಫೋನ್ ಮಾಡಿದ್ದು' ಅನ್ನುವುದೊಂದೇ. ಸಾಯಮ್ಮನಿಗೆ ಅಳುವುದಕ್ಕೂ ಆಗಲಿಲ್ಲ. ಸತ್ತ ಮಗನ ದುಃಖದ ಪಕ್ಕದಲ್ಲೇ ಬದುಕಿದ ಮಗನ ದುಃಖ ಕೂತಿತ್ತು. ಎರಡಕ್ಕೂ ತಾನೇ ಕಾರಣವೆಂದು ಅವಳಿಗೆ ಗೊತ್ತಿತ್ತು. ಹೇಳಬೇಕು, ಹೇಳಿದರೆ ಇವನು ನನ್ನನ್ನು ಬಯ್ಯಲಿ, ಹೊಡೆಯಲಿ, ಮನೆಯಿಂದ ದೂಡಲಿ. ತಮ್ಮ ತನಗಾಗಿ ಹತ್ತಿದ್ದ ಎಂದು ಒಮ್ಮೆ ತಿಳಿದರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಮೂರನೆಯ ದಿನ ಬುದ್ಧವಂದನೆ ಮುಗಿದು ಜನ ಚದುರಿದ ಮೇಲೆ ಮಗನ ಎದುರಿಗೆ ಕೂತು ಎಲ್ಲ ಹೇಳಿದಳು. ಸಡಿಲಾದ ಜಾಯಿಂಟು, ಟೀವಿ ಸುಡುತ್ತದೆ ಅಂದದ್ದು, ಊಟಕ್ಕೆ ಕೂತಾಗ ಹೇಳಬೇಕೆಂದಿದ್ದದ್ದು, ಫೋನು ಕೇಳಿಸಿದ್ದು, ಬಾಯಿ ಬಿಡದೆ ಓಡಿದ್ದು, ಒಂದನ್ನೂ ಮುಚ್ಚಲಿಲ್ಲ. 'ನಾ ಕೊಂದೀನಿ ಅವನ್ನ. ನೀ ಅಲ್ಲ' ಅಂದಳು.

ಜೈಭೀಮ ತಲೆ ತಗ್ಗಿಸಿಕೊಂಡೇ ಕೇಳಿದ. ಮುಗಿದ ಮೇಲೆ ಅವಳ ಕೈ ಹಿಡಿದುಕೊಂಡ.

'ಸಾಕವ್ವಾ. ಎರಡು ವರ್ಷ ಹಿಂಗೇ ಹೇಳ್ಕೋತ ಬಂದಿ. ಇನ್ನ ಬ್ಯಾಡ.'

'ಖರೇ ಹೇಳ್ತೀನೋ ಯಪ್ಪಾ, ಈ ಸಲ ಖರೇ.'

'ನನ್ನ ಎದಿ ಮ್ಯಾಲಿನ ಭಾರ ನೀ ಹೊರ್ತಿ ಅಂದ್ರ ಅದು ಇಳೀತದೇನು? ಫೋನ್ ನಾ ಮಾಡೀನಿ, ಅದು ಸಾಯೋತನಕ ನಂದೇ.' ಎಷ್ಟೋ ಯೋಚಿಸಿ ಬಂದವನ ಹಾಗೆ ನಿಧಾನವಾಗಿ ಅಂದ: 'ಅವ ನನ್ನ ಲೈನ್ ಕಡೀಲಾಕ ಹತ್ತಿದ್ದ. ಇರ್ಲಿ. ನಾನೂ ಅವನ್ನ ಅಷ್ಟು ನೋಯಿಸಿದ್ದೆ. ಅವನ್ನ ನಾ ಮಾಫ್ ಮಾಡೀನಿ ಅವ್ವಾ.'

ಇದ್ದ ಒಬ್ಬನೇ ಸಾಕ್ಷಿಯನ್ನು ಮಣ್ಣಿಗಿಟ್ಟು ಬಂದಾಗಿತ್ತು. ಸಾಯಮ್ಮ ಮಗನ ಎರಡೂ ಭುಜ ಹಿಡಿದು ಅಲುಗಿಸಿದಳು. 'ಅವ ಏನೂ ತಪ್ಪು ಮಾಡಿಲ್ಲೋ! ಮಾಫ್ ಯಾಕ ಮಾಡ್ತಿ? ಏನೂ ಮಾಡಿಲ್ಲ ಅವ!'

ಜೈಭೀಮ ಅವಳ ತಲೆಯ ಮೇಲೆ ಕೈಯಾಡಿಸಿದ.

'ಆತವ್ವಾ, ಮಾಡಿಲ್ಲ,' ಅಂದ, ಹಟ ಹಿಡಿದ ಕೂಸನ್ನು ರಮಿಸುವ ಹಾಗೆ. 'ಮಾಡಿಲ್ಲ. ನೀ ಒಂದಿಷ್ಟು ಉಣ್ಣು.'