ಮುಶಿಗೇರಿಯ ಸೈರನ್ನು

ಎರಡು ಸಾವಿರದ ಏಳರ ರಂಜಾನಿನಲ್ಲಿ ಮೋದಿನಸಾಬನ ಜೀವ ಹಣ್ಣಾಗಿತ್ತು. ಗಜೇಂದ್ರಗಡದ ಅವನ ರಿಪೇರಿ ಅಂಗಡಿಗೆ ರೇಡಿಯೋ ತರುವವರು ಎಲ್ಲಿದ್ದರು? ಮಸೀದಿಗಳಿಗೆ ಕೆಂಪು ಅಂಕಿಯ ಗಡಿಯಾರ ಮಾಡಿಕೊಡುವುದೇ ಕಸುಬಾಗಿತ್ತು. ಸಂಜೆ ಹೊತ್ತು ಮುಳುಗಿ ರೋಜಾ ಬಿಡುವ ವೇಳೆಗೆ ಅದು ತಾನಾಗಿಯೇ ಸೈರನ್ ಊದಬೇಕು. ಅದಕ್ಕಾಗಿ ತಿಂಗಳ ವೇಳೆಯನ್ನೆಲ್ಲ ಗಡಿಯಾರದ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಬರೆದಿಡಬೇಕು.

ಬರೆಯಲು ಎರಡು ಯಂತ್ರಗಳಿದ್ದವು. ಹಳೆಯದನ್ನು ತಾನೇ ಬೆಸುಗೆ ಹಾಕಿ ಮಾಡಿದ್ದ. ಅದು ಬರೆದು, ಬರೆದದ್ದನ್ನು ತಿರುಗಿ ಓದಿ, ತಾಳೆ ನೋಡಿ ಮುಗಿಸುವುದರೊಳಗೆ ಮನುಷ್ಯನಿಗೆ ಒಂದು ನಿದ್ದೆ ಆಗುತ್ತಿತ್ತು. ಹೊಸದನ್ನು ಮಗ ಜಾವೀದ ಹುಬ್ಬಳ್ಳಿಯಿಂದ ತಂದಿದ್ದ. ಕಣ್ಣು ಮಿಟುಕಿಸುವುದರೊಳಗೆ ಬರೆದು ಹಸಿರು ದೀಪ ಹಚ್ಚಿ ಕೂತುಬಿಡುತ್ತಿತ್ತು. ತಾಳೆ ನೋಡು ಎಂದರೆ ಅದೂ ನೋಡುತ್ತಿತ್ತು, ಆದರೆ ಆಗ ಅದಕ್ಕೂ ಹೊತ್ತು ಹಿಡಿಯುತ್ತಿತ್ತು.

"ಅಬ್ಬಾ, ಹಳೇದನ್ನ ಗುಜರಿಗೆ ಹಾಕೂಣ," ಎನ್ನುತ್ತಿದ್ದ ಜಾವೀದ.

"ಅದು ಸಾವಕಾಶ ಬರೀತೈತಿ, ಖರೇ. ಆದ್ರ ಸುಳ್ಳ ಬರಿಯೂದಿಲ್ಲ," ಎಂದು ಮೋದಿನಸಾಬ ದೊಡ್ಡ ಮನುಷ್ಯನಂತೆ ಹೇಳುತ್ತಿದ್ದ. ಹೇಳುವುದೇನು, ಯಾರು ಬೇಕಾದರೂ ಹೇಳಬಹುದು.

ಮುಶಿಗೇರಿ ಮಸೀದಿಯ ಚಿಪ್ಪು ಬರೆಯುವ ದಿನ ಅವನಿಗೆ ಸಾಕುಸಾಕಾಗಿತ್ತು. ಬಾಯಿ ಒಣಗಿತ್ತು, ಕರೆಂಟು ಬಂದು ಹೋಗಿ ಮಾಡುತ್ತಿತ್ತು, ಬಸ್ಸಿನ ಹೊತ್ತಾಗಿತ್ತು. ಹೊಸ ಯಂತ್ರದಲ್ಲಿಟ್ಟು, ತಾಳೆ ನೋಡುವುದನ್ನು ತಾನೇ ಬಿಡಿಸಿ, ಹಸಿರು ದೀಪ ಕಂಡಕೂಡಲೇ ಚಿಪ್ಪು ಕಿತ್ತುಕೊಂಡು ಹೊರಟ. ಇದೊಂದಕ್ಕೆ ಏನಾದೀತು ಎಂದುಕೊಂಡ. ಅದೂ ಅಕ್ಕ ಮೈಮುನಬಿ ಇರುವ ಊರು. ತಾಯಿಯಿಲ್ಲದ ಅವನನ್ನು ಸಾಕಿದವಳು, ಜ್ವರದಲ್ಲೂ ರೋಜಾ ತಪ್ಪಿಸಿದವಳಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ಮುಶಿಗೇರಿಯ ಮುಲ್ಲಾ ಫಕೀರಸಾಬರು ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು.

"ನಿನ್ನಿ ಸೈರನ್ ಹತ್ತ ಮಿನೀಟ ಮೊದಲ ಊದೇತ್ರಿ. ಮೋಡ ಇತ್ತು, ತಿಳೀಲಿಲ್ಲ. ನಾವೆಲ್ಲ ತಿಂದಮ್ಯಾಲೆ ಬಾಜೂ ಊರು ಲಕ್ಕಲಕಟ್ಟಿ ಸೈರನ್ ಕೇಳಿಸ್ತು. ಊರ ಮಂದೀದೆಲ್ಲಾ ರೋಜಾ ಕೆಟ್ಟಂಗಾತು."

ಮೋದಿನಸಾಬ ಗಡಿಯಾರ ಬಿಚ್ಚಿದ. ಚಿಪ್ಪನ್ನು ಹಳೆಯ ಯಂತ್ರದಲ್ಲಿಟ್ಟು ಓದಿಸಿದ. ಅದು ಎಂದಿನ ಸಾವಕಾಶದಲ್ಲಿ ಓದುತ್ತ ಹೋಗಿ ನಿನ್ನೆಯ ತಾರೀಖಿಗೆ ಬಂದು ನಿಂತಿತು. ಒಂದೇ ಒಂದು ಅಂಕಿ ತಪ್ಪಿತ್ತು.

"ಕರೆಂಟಿಂದೇನ್ರಿ ದೋಷ?" ಎಂದು ಫಕೀರಸಾಬರೇ ದಾರಿ ತೋರಿಸಿಕೊಟ್ಟರು.

ಹೂಂ ಎಂದಿದ್ದರೆ ಅಂಗಡಿಯ ಹೆಸರು ಉಳಿಯುತ್ತಿತ್ತು. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲವೋ ಏನೋ.

"ಅಲ್ರಿ, ನಂದು. ಬ್ಯಾಸತ್ತು ತಾಳೆ ನೋಡದ ಕೊಟ್ಟೆ."

ಹಳೆಯದರಲ್ಲೇ ಮತ್ತೆ ಬರೆದು, ಅವರ ಜತೆಗೇ ಮುಶಿಗೇರಿಗೆ ಹೋಗಿ ಗಡಿಯಾರ ತೂಗುಹಾಕಿದ. ತಪ್ಪು ತನ್ನದೆಂದು ಎಲ್ಲರೆದುರು ಹೇಳಿದ. ಮಂದಿ ಬೈಯಲಿಲ್ಲ. ಹಬ್ಬವಾದ ಮೇಲೆ ಒಂದು ರೋಜಾ ಹಿಡಿದರಾಯಿತು ಎಂದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಕಾಲೆಳೆದುಕೊಂಡು ಅಕ್ಕನ ಮನೆಗೆ ಬಂದ. ಮೈಮುನಬಿ ಅಕ್ಕಿ ಆರಿಸುತ್ತಿದ್ದಳು.

"ಅಕ್ಕಾ, ನೀನೂ ನಿನ್ನಿ ಸೈರನ್ ಕೇಳೇ ರೋಜಾ ಬಿಟ್ಟಿಯೇನು?"

"ಹೂಂ. ಮೋಡದ ಸಂದ್ಯಾಗಿಂದ ಗ್ವಾಡಿ ಮ್ಯಾಲ ಇನ್ನೂ ಬಿಸಲಿತ್ತು. ಹೊತ್ತ ಮುಳುಗಿಲ್ಲ ಅಂತ ಸೊಸಿನೂ ಅಂದ್ಲು."

"ಮತ್ಯಾಕ ತಿಂದಿ?"

ಆಕೆ ಮೊರದಿಂದ ತಲೆಯೆತ್ತಲಿಲ್ಲ.

"ಗಡಿಯಾರ ನೀ ಮಾಡಿದ್ದಲ್ಲೇನೋ. ನನ್ನ ಕಣ್ಣಿಗೇ ವಯಸ್ಸಾಗೇತಿ ಅನಕೊಂಡೆ."