ಬಣ್ಣ ಬಿಡುವ ಬಟ್ಟೆ

ಬೆಳಿಗ್ಗೆ ಏಳು ಗಂಟೆ. ಶವಕ್ಕೆ ಸ್ನಾನ ಮುಗಿದಿತ್ತು. ಮಂಚದ ಕೆಳಗಿದ್ದ ಬಟ್ಟೆಯ ಸುರುಳಿಯನ್ನು ಮಗಳು ಎಳೆಯುತ್ತಿದ್ದಳು. ಇನ್ನೊಂದು ತುದಿಯನ್ನು ಅಪ್ಪ ಕಾಲಲ್ಲಿ ಮೆಟ್ಟಿ ನಿಂತಿದ್ದರು.

"ಬಿಡಪ್ಪ. ಅಮ್ಮನಿಗೆ ಹೊದಿಸ್ತೀನಿ."

"ಆ ಚಿಂದಿನಾ? ಬಂದವರು ಏನಂದ್ಕೋತಾರೆ? ಬಿಳಿ ಬಟ್ಟೆ ತಂದಾಗಿದೆ."

ಸತ್ತವಳನ್ನು ಬೀದಿಯವರು ಬಣ್ಣದಕ್ಕ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಹರಿದು ಎಸೆದ ಹಾಸುಗಳನ್ನು ಮನೆಗೆ ತಂದು, ಕುದಿಸಿ, ಬಣ್ಣಕ್ಕೆ ಅದ್ದುತ್ತಿದ್ದಳು. ಐದಾರು ಪದರಗಳನ್ನು ಒಂದರ ಮೇಲೊಂದಿಟ್ಟು ಒತ್ತಾಗಿ ಹೊಲಿದು, ಎರಡು ಹೊಲಿಗೆಗಳ ನಡುವೆ ಮೇಲಿನ ಪದರಗಳನ್ನು ಬ್ಲೇಡಿನಿಂದ ಸೀಳುತ್ತಿದ್ದಳು. ಸೀಳಿದಲ್ಲಿ ಒಳಗಿನ ಬಣ್ಣ ನೂಲುನೂಲಾಗಿ ಎದ್ದು ಬರುತ್ತಿತ್ತು. ಮುಟ್ಟಿದರೆ ಮರದ ತೊಗಟೆಯಂತೆ ಒರಟು. ಗೋಡೆಗೆ ತೂಗುಹಾಕಲೆಂದೇ ಮಾಡಿದ ಈ ಬಟ್ಟೆಗಳಲ್ಲಿ ಒಂದೂ ಗೋಡೆ ಕಂಡಿರಲಿಲ್ಲ.

* * *

ಮೊದಲನೆಯದನ್ನು ತೂಗುಹಾಕಲು ಅವಳು ಮೊಳೆ ಹುಡುಕುತ್ತಿದ್ದಾಗಲೇ ಗಂಡ ಹೇಳಿದ್ದರು: "ಯಾರ್ಯಾರು ಪ್ರಾಣ ಬಿಟ್ಟ ಹಾಸೋ ಏನೋ. ನನ್ನ ಗೋಡೆಗೆ ಬೇಡ."

"ಕುದಿಸಿದೀನಲ್ಲ."

"ಸಾವು ಕುದಿಸಿದ್ರೆ ಹೋಗುತ್ತಾ?"

ಅವಳು ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಅಡುಗೆಮನೆಯ ಉಪ್ಪಿನ ಡಬ್ಬಿ ಮಾತ್ರ ಆಗಾಗ ಖಾಲಿಯಾಗುತ್ತಿತ್ತು.

"ಇಷ್ಟು ಉಪ್ಪು ತಿನ್ನೋರು ಯಾರೇ ಈ ಮನೇಲಿ?" ಎಂದು ಗಂಡ ರೇಗುತ್ತಿದ್ದರು.

"ಬಣ್ಣ ತಿನ್ನುತ್ತೆ," ಎಂದು ಅವಳು ನಗುತ್ತಿದ್ದಳು. "ಉಪ್ಪು ತಿಂದದ್ದು ಬಿಟ್ಟುಹೋಗಲ್ಲ ಕಣ್ರೀ. ಉಪ್ಪಿಲ್ಲದಿದ್ರೆ ಹತ್ತಬೇಕಾದಲ್ಲಿ ಹತ್ತಲ್ಲ, ಹತ್ತಬಾರದ ಕಡೆ ಹತ್ತುತ್ತೆ."

* * *

"ಅಪ್ಪ, ನಿನ್ನೆ ಅಮ್ಮನ್ನ ಸುತ್ತಿ ಕಳಿಸಿದ್ದೂ ಆಸ್ಪತ್ರೆ ಹಾಸೇ," ಎಂದಳು ಮಗಳು. "ಅವಳೇ ಒಗೆದಿದ್ದೋ ಏನೋ."

ಅಪ್ಪ ಕಾಲು ತೆಗೆದರು.

ಸುರುಳಿ ಬಿಚ್ಚಿದಾಗ ಚಿಕ್ಕಮ್ಮ, ಸತ್ತವಳ ತಂಗಿ, ತಡೆದರು. "ಇದು ಕೊನೇದು ಕಣೇ. ಇದರ ಕೆಂಪು ಉಪ್ಪುನೀರು ಕಂಡಿಲ್ಲ. ಉಪ್ಪು ಮುಗಿದಿದೆ, ತರೋರಿಲ್ಲ ಅಂತಿದ್ಲು ಅಕ್ಕ. ಬಣ್ಣ ಬಿಡುತ್ತೆ."

"ಬಿಡಲಿ ಚಿಕ್ಕಮ್ಮ. ಇನ್ನು ಇದನ್ನ ಒಗೆಯೋರು ಯಾರು?"

ಅಪ್ಪ ಗೋಡೆ ನೋಡುತ್ತ ನಿಂತಿದ್ದರು.

ಹನ್ನೊಂದರ ಹೊತ್ತಿಗೆ ಆ ಕೆಂಪು ಬಟ್ಟೆ ಸುತ್ತಿದ ಶವವನ್ನು ಗುಂಡಿಗೆ ಇಳಿಸಿದರು. ತಲೆಯ ಕಡೆ ಅಪ್ಪ ಹಿಡಿದಿದ್ದರು. ಭಾರಕ್ಕೆ ಕೈ ಜಾರಿ, ತಲೆಯನ್ನು ಎದೆಗೆ ಆನಿಸಿಕೊಳ್ಳಬೇಕಾಯಿತು. ಬಟ್ಟೆಯೊಳಗೆ ಅವಳ ಕೂದಲು ಇನ್ನೂ ಒದ್ದೆಯಾಗಿತ್ತು.

"ಯಜಮಾನ್ರೇ, ಎದೆಗೆ ಏನಾಯ್ತು? ರಕ್ತಾನಾ?" ಗುಂಡಿ ತೋಡಿದವನು ಕೇಳಿದ.

ಅಪ್ಪ ಬಗ್ಗಿ ನೋಡಿಕೊಂಡರು. ಬಿಳಿ ಅಂಗಿಯೂ ಎರಡು ಅಂಗೈಗಳೂ ಕೆಂಪಾಗಿದ್ದವು.

"ಅಲ್ಲ. ಬಣ್ಣ," ಎಂದರು. "ಮಣ್ಣು ಹಾಕಿ."

ಸಂಜೆ ಬಚ್ಚಲಲ್ಲಿ ಅಂಗಿಯನ್ನು ಬಕೆಟ್ಟಿಗೆ ಹಾಕಿದರು. ನೀರು ತೆಳುಗೆಂಪಾಗತೊಡಗಿತು.

"ಈಗಲೇ ಸೋಪು ಹಾಕಿ ಉಜ್ಜಿ ಭಾವ," ಚಿಕ್ಕಮ್ಮ ಬಾಗಿಲಲ್ಲಿ ನಿಂತು ಹೇಳಿದರು. "ಹಸಿ ಬಣ್ಣ. ಹೊರಟುಹೋಗುತ್ತೆ."

ಅಪ್ಪ ಅಂಗಿಯನ್ನು ಗಬಕ್ಕನೆ ನೀರಿನಿಂದ ಮೇಲೆತ್ತಿದರು. ಅಡುಗೆಮನೆಗೆ ಹೋಗಿ ಡಬ್ಬಿ ತೆರೆದರು. ಖಾಲಿಯಿತ್ತು.

ಅಂಗಡಿಗೆ ಹೋಗಿ ಎರಡು ಪೊಟ್ಟಣ ಉಪ್ಪು ತಂದರು. ಎರಡನ್ನೂ ಬಕೆಟ್ಟಿಗೆ ಸುರಿದು, ಅಂಗಿಯನ್ನು ಮುಳುಗಿಸಿದರು.