ರಜೆ ತಂದ ಆನೆ

ಒಂದು ಆನೆಯನ್ನು ನೆಟ್ಟಗೆ ಬರೆಯಲು ನನಗೆ ಮೂರು ಶನಿವಾರ ಬೇಕಾಯಿತು. ಹೆಗ್ಗದ್ದೆ ಕಡೆಯವಳು ನಾನು, ಆನೆ ನೋಡಿಕೊಂಡೇ ಬೆಳೆದವಳು. ಆದರೆ ನೋಡುವುದು ಬೇರೆ, ಮೌಸ್ ಹಿಡಿದು ಕಂಪ್ಯೂಟರಿನಲ್ಲಿ ಬರೆಯುವುದು ಬೇರೆ. ಮೊದಲನೇ ಶನಿವಾರದ ನನ್ನ ಆನೆಯನ್ನು ಜೇಬಾ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು.

"ಮಿಸ್, ಸೊಂಡ್ಲು ಚೆನ್ನಾಗಿ ಬಂದೈತೆ. ಮಿಕ್ಕಿದ್ದೆಲ್ಲ ಹಂದಿ ಆಗ್ಬುಟ್ಟೈತೆ" ಅಂದಳು.

ಜೇಬಾ ಅಂದರೆ ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟಿರುವ ಶಫಿಯವರ ಮಗಳು. ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಗಣಪತಿ ಸಮಿತಿಯ ಬ್ಯಾನರು ಎಲ್ಲ ತಯಾರಾಗುವುದು ಅವಳ ಕೈಯಲ್ಲೇ. ಶಾಲೆಯ ಬ್ಯಾನರ್ ಮಾಡಿಸಲು ಹೋದವಳು ಅವಳ ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತ ಊರಿನ ಬಸ್ಸನ್ನೇ ತಪ್ಪಿಸಿಕೊಂಡೆ. ಇದು ನನಗೂ ಬರಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲೇ. ಅಂದಿನಿಂದ ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಅವಳ ಅಂಗಡಿಗೆ ಹೋಗುವುದು ರೂಢಿಯಾಯಿತು. ಐವತ್ತರ ಹತ್ತಿರ ಬಂದವಳಿಗೆ ಇದೆಲ್ಲ ಯಾಕೆ ಎಂದು ನಮ್ಮ ಹೆಡ್ ಮಾಸ್ತರು ಕೃಷ್ಣಪ್ಪನವರು ಕೇಳಿದ್ದರು. ಅವರಿಗೆ ಉತ್ತರ ಕೊಡಲಿಲ್ಲ, ನಿಮಗೆ ಕೊಡುತ್ತೇನೆ.

ನನ್ನ ಹತ್ತಿರ ಹೇಮಶ್ರೀ ಅಂತ ಒಬ್ಬ ಹುಡುಗಿ ಇದ್ದಾಳೆ. ನಾಲ್ಕು ಮತ್ತು ಐದನೇ ತರಗತಿ ಎರಡಕ್ಕೂ ನಾನೊಬ್ಬಳೇ, ಒಂದೇ ಕೋಣೆ, ಹನ್ನೆರಡು ಮಕ್ಕಳು. ಮಕ್ಕಳೆಲ್ಲ ಮಗ್ಗಿ ಕೂಗುವಾಗ ಹೆಂಚು ಹಾರುವ ಹಾಗೆ ಕೂಗುತ್ತಾರೆ. ನಡುವೆ ನಿಲ್ಲಿಸಿ ಏಳೆಂಟ್ಲ ಎಷ್ಟು ಅಂದರೆ ಮೇಲಿನ ಜಂತೆ ನೋಡುತ್ತಾರೆ. ಹೇಮಶ್ರೀಯದು ಅದೂ ಇಲ್ಲ. ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬರುವ ಹುಡುಗಿ, ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಮಗ್ಗಿ ಕೂಗುವಾಗ ತುಟಿ ಆಡಿಸುತ್ತಾಳೆ, ದನಿ ಹೊರಡುವುದಿಲ್ಲ. ಬರೆಯಲು ಕೊಟ್ಟರೆ ಎಡಗೈ ಅಡ್ಡ ಇಟ್ಟುಕೊಂಡು ಕೂತಿದ್ದು ಕೊನೆಗೆ ಖಾಲಿ ಹಾಳೆಯನ್ನೇ ತಂದುಕೊಡುತ್ತಾಳೆ. ತಪ್ಪಾದರೆ ಎಲ್ಲರೂ ನಗುತ್ತಾರೆ ಎಂಬ ಹೆದರಿಕೆ ಆ ಮಗುವಿಗೆ. ಯಾರು ಯಾವಾಗ ನಕ್ಕಿದ್ದರೋ ಗೊತ್ತಿಲ್ಲ, ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಅದ್ರ ತಲೆಗೆ ಹತ್ತಲ್ಲ, ಬುಡಿ ಪಂಕಜಾಕ್ಷಿ ಮೇಡಂ" ಅನ್ನುತ್ತಿದ್ದರು ಕೃಷ್ಣಪ್ಪನವರು. "ಮಗ್ಗಿಗೆ ಬೇಕಾಗಿರೋದು ಬಾಯಿ. ಬಾಯೇ ಬುಡ್ದಿರೋರಿಗೆ ಯಾವ ಆಟ ಆಡ್ಸಿ ಏನು ಬಂತು?"

ಬಾಯಿ ಬೇಡದ ಮಗ್ಗಿಯೊಂದನ್ನು ಮಾಡಿ ತೋರಿಸುತ್ತೇನೆ ಎಂಬ ಹಟ ನನಗೆ ಹುಟ್ಟಿದ್ದು ಆ ಮಾತಿನಿಂದಲೇ.

ಶಾಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಪ್ರೊಜೆಕ್ಟರ್ ಕೊಟ್ಟವರು ನವೀನ್‌ಕುಮಾರ್. ಅವರು ನಮ್ಮ ಸಿಆರ್‌ಪಿ, ಸುತ್ತಮುತ್ತಲ ಶಾಲೆಗಳಿಗೆಲ್ಲ ಹೋಗಿ ಪಾಠ ಹೇಗೆ ನಡೆದಿದೆ ಎಂದು ನೋಡುವುದು ಅವರ ಕೆಲಸ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದು ಇಳಿಸಿ, "ಒಂದು ತಿಂಗ್ಳು ಇಟ್ಕಳಿ ಮೇಡಂ. ಆಮೇಲೆ ಬಂದು ನೋಡ್ತೀನಿ. ಮಕ್ಳು ಕಲ್ತಿದ್ರೆ ನಿಮ್ಮಲ್ಲೇ ಇರ್ಲಿ. ಇಲ್ಲಾಂದ್ರೆ ಬೇರೆ ಶಾಲೆಯೋರು ಕಾಯ್ತಾ ಅವ್ರೆ" ಅಂದರು. ಪ್ರೊಜೆಕ್ಟರ್ ಹೋದರೆ ನನ್ನ ಆಟ ಹೋಯಿತು. ಆಟ ಹೋದರೆ ಹೇಮಶ್ರೀ ಮತ್ತೆ ಖಾಲಿ ಹಾಳೆಗೇ ಬಂದು ನಿಲ್ಲುತ್ತಾಳೆ.

ಆಟ ಹೀಗಿತ್ತು. ಪರದೆಯ ಮೇಲೆ ಒಂದು ದಾರಿ, ಎರಡೂ ಕಡೆ ಕಾಫಿ ಗಿಡ, ಸಿಲ್ವರ್ ಮರ, ತುದಿಯಲ್ಲಿ ನಮ್ಮ ಶಾಲೆಯ ಗೇಟು. ದಾರಿಯ ನಡುವೆ ಆನೆ. ಮೇಲೆ ಒಂದು ಲೆಕ್ಕ, ಕೆಳಗೆ ಮೂರು ಉತ್ತರ. ಸರಿಯಾದದ್ದನ್ನು ಒತ್ತಿದರೆ ಆನೆ ಒಂದು ಹೆಜ್ಜೆ ತೋಟದ ಕಡೆ ಸರಿಯುತ್ತದೆ. ತಪ್ಪಾದರೆ ನಿಂತಲ್ಲೇ ಘೀಳಿಡುತ್ತದೆ. ಇದಕ್ಕೆ ಕಂಪ್ಯೂಟರಿನಲ್ಲಿ ಒಂದೊಂದು ಆಜ್ಞೆ ಬರೆದಿರುವ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಬೇಕು. 'ಉತ್ತರ ಸರಿಯಾದರೆ' ಎಂಬ ತುಂಡಿನೊಳಗೆ 'ಆನೆ ಹಿಂದೆ ಹೋಗಲಿ' ಎಂಬ ತುಂಡು, ಹೀಗೆ. ಕೇಳಲು ಸುಲಭ. ಚಿತ್ರದಲ್ಲಿ ಒಂದೊಂದು ವಸ್ತುವನ್ನೂ ಬೇರೆ ಬೇರೆ ಪದರದಲ್ಲಿ ಬರೆಯಬೇಕೆಂದು ಜೇಬಾ ಬಡಕೊಂಡರೂ ನಾನು ಆನೆ, ದಾರಿ ಎರಡನ್ನೂ ಒಂದೇ ಪದರದಲ್ಲಿ ಬರೆದಿದ್ದೆ. ಆನೆ ತೋಟಕ್ಕೆ ಹೊರಟಾಗ ದಾರಿಯನ್ನೂ ಎಳೆದುಕೊಂಡೇ ಹೋಯಿತು.

"ಪಂಚಾಯ್ತಿಯೋರಿಗೆ ತೋರ್ಸಿ ಮಿಸ್" ಅಂದಳು ಜೇಬಾ. "ರಸ್ತೆ ಇದ್ದಿದ್ದು ಎಲ್ಲಿ ಹೋಯ್ತು ಅಂತ ಜನ ಕೇಳಿದ್ರೆ ಆನೆ ಎಳ್ಕಂಡೋಯ್ತು ಅನ್ನಬೋದು."

ನಾಲ್ಕನೇ ಶನಿವಾರಕ್ಕೆ ಆಟ ಸಿದ್ಧವಾಯಿತು, ಪ್ರೊಜೆಕ್ಟರ್ ಬಂದದ್ದು ಅದರ ಮರು ಸೋಮವಾರ. ಮಕ್ಕಳು ಮುಗಿಬಿದ್ದರು. ಎಲ್ಲದರಲ್ಲೂ ಮುಂದಿರುವ ಮಧುಶ್ರೀ ಮೊದಲ ವಾರದಲ್ಲೇ ಆನೆಯನ್ನು ತೋಟಕ್ಕೆ ಅಟ್ಟಿದಳು. ಚಂದನ್ ಎಂಬ ತುಂಟ ಘೀಳು ಕೇಳುವುದಕ್ಕೆಂದೇ ಆಗಾಗ ತಪ್ಪು ಒತ್ತುತ್ತಿದ್ದ. ಹೇಮಶ್ರೀ ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಕಿಟಕಿ ಪಕ್ಕ ಕೂತು ಪರದೆಯನ್ನು ರೆಪ್ಪೆ ಬಡಿಯದೆ ನೋಡುವಳು, ಕರೆದರೆ ತಲೆ ಅಲ್ಲಾಡಿಸುವಳು. ಒತ್ತಾಯ ಮಾಡಲು ನನಗೆ ಮನಸ್ಸಾಗಲಿಲ್ಲ. ತಿಂಗಳು ಕಳೆಯುತ್ತ ಬಂತು.

ನವೀನ್‌ಕುಮಾರ್ ಬರುವ ಹಿಂದಿನ ಸಂಜೆ ನನಗೆ ಬುದ್ಧಿ ಹೆಚ್ಚಾಯಿತು. ತಪ್ಪು ಉತ್ತರಕ್ಕೆ ಬರೀ ಘೀಳು ಸಾಲದು, ಸೋಲಿನ ಭಯ ಇರಬೇಕು ಅನ್ನಿಸಿತು. ತಪ್ಪಾದಾಗಲೆಲ್ಲ ಆನೆ ಗೇಟಿನ ಕಡೆ ಒಂದು ಹೆಜ್ಜೆ ಬರುವ ಹಾಗೆ ಮಾಡಿದೆ. ಗೇಟು ಮುಟ್ಟಿಬಿಟ್ಟರೆ ಏನು ಬರೆಯುವುದು ಎಂದು ತೋಚದೆ ಫೋನ್ ತೆಗೆದೆ. ಪೋಷಕರ ಗ್ರೂಪಿನಲ್ಲಿ ನಾನೇ ಎಷ್ಟೋ ಸಲ ಹಾಕಿದ ಸಂದೇಶ ಸಿಕ್ಕಿತು. ನಮ್ಮಲ್ಲಿ ಆನೆ ದಾರಿಯಲ್ಲಿ ನಿಂತರೆ ಮಕ್ಕಳನ್ನು ಕಳಿಸಬೇಡಿ ಎಂದು ಬೆಳಿಗ್ಗೆಯೇ ತಿಳಿಸಿಬಿಡುತ್ತೇವೆ. ಅದನ್ನೇ ದಪ್ಪ ಅಕ್ಷರದಲ್ಲಿ ಬರೆದೆ: ಆನೆ ದಾರಿಯಲ್ಲಿದೆ, ಇಂದು ಶಾಲೆಗೆ ರಜೆ. ಎಷ್ಟು ನೈಜವಾಗಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ನವೀನ್‌ಕುಮಾರ್, ಕೃಷ್ಣಪ್ಪನವರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಗಂಟಲು ಸರಿಮಾಡಿಕೊಂಡು ಮಕ್ಕಳಿಗೆ ಹೊಸ ನಿಯಮ ಹೇಳಿದೆ. "ನೋಡ್ರಪ್ಪ, ಹುಷಾರು. ಇವತ್ತು ಎಲ್ರೂ ಸೇರಿ ಒಂದೇ ಆಟ. ತಪ್ಪು ಒತ್ತಿದ್ರೆ ಆನೆ ಮುಂದೆ ಬರುತ್ತೆ. ಗೇಟ್ ಮುಟ್ಬುಟ್ರೆ ಶಾಲೆಗೆ ರಜೆ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಭೀರವಾಗಿ ತಗೊಂಡಿದ್ದಾರೆ ಎಂದು ನನಗೆ ಸಮಾಧಾನವಾಯಿತು.

ಮೊದಲು ಮಧುಶ್ರೀಯನ್ನು ಕರೆದೆ, ಶಕುನ ಚೆನ್ನಾಗಿರಲಿ ಎಂದು. ಆರೈದ್ಲ ಎಷ್ಟು ಎಂಬ ಲೆಕ್ಕ ಬಂತು. ಅವಳು ಮೂವತ್ತೈದು ಒತ್ತಿದಳು. ಆನೆ ಮುಂದೆ ಬಂತು. ಕೈತಪ್ಪಿರಬೇಕು ಅಂದುಕೊಂಡೆ. ಚಂದನ್ ಬಂದ, ತಪ್ಪು. ಅವನ ಹಿಂದೆ ಬಂದವನೂ ತಪ್ಪು. ಎರಡೆರಡ್ಲ ನಾಲ್ಕನ್ನು ಆರು ಅಂದಳು ಇನ್ನೊಬ್ಬಳು. ನನ್ನ ಆನೆ ಎಂದೂ ಇಲ್ಲದ ಉತ್ಸಾಹದಲ್ಲಿ ಗೇಟಿನ ಕಡೆ ನಡೆಯುತ್ತಿತ್ತು. ನನಗೆ ಬೆವರು ಇಳಿಯುತ್ತಿದ್ದರೆ ಮಕ್ಕಳ ಕಣ್ಣು ಹೊಳೆಯುತ್ತಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕೃಷ್ಣಪ್ಪನವರು ಹಿಂದಿನಿಂದ ಮೆಲ್ಲಗೆ ಅಂದರು: "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಿಮ್ದು ಆನೆಯಿಂದ್ಲೇ ಹೋಗ್ಬುಡ್ತಲ್ಲ ಮೇಡಂ."

ಗೇಟಿಗೆ ಇನ್ನು ಒಂದೇ ಹೆಜ್ಜೆ ಉಳಿದಿತ್ತು. ಆಡದೆ ಉಳಿದವಳು ಹೇಮಶ್ರೀ ಒಬ್ಬಳೇ. ನಾನು ಕರೆಯುವ ಮೊದಲೇ ಮಕ್ಕಳು ಅವಳ ಕಡೆ ತಿರುಗಿದರು.

"ಹೋಗೇ ಹೇಮಾ, ಒಂದೇ ಹೆಜ್ಜೆ ಐತೆ" ಅಂದಳು ಮಧುಶ್ರೀ.

ತಿಂಗಳಿಡೀ ಏಳದ ಹುಡುಗಿ ಎದ್ದು ಬಂದಳು. ಏಳೆಂಟ್ಲ ಎಷ್ಟು ಎಂಬ ಲೆಕ್ಕ. ಕೆಳಗೆ ಐವತ್ನಾಲ್ಕು, ಐವತ್ತಾರು, ಅರವತ್ಮೂರು. ಅವಳು ಮೌಸ್ ಹಿಡಿದಳು. ಪರದೆಯ ಮೇಲಿನ ಬಾಣದ ಗುರುತು ಹೊರಟು ನೇರ ಐವತ್ತಾರರ ಮೇಲೆ ನಿಂತಿತು. ಆಮೇಲೆ ಅದು ನಿಧಾನವಾಗಿ ಪಕ್ಕಕ್ಕೆ ಜಾರಿ ಐವತ್ನಾಲ್ಕಕ್ಕೆ ಹೋಯಿತು. ಅವಳು ಒತ್ತಿದಳು.

ಆನೆ ಗೇಟು ಮುಟ್ಟಿತು. ಇಂದು ಶಾಲೆಗೆ ರಜೆ ಎಂಬ ಅಕ್ಷರಗಳು ಪರದೆ ತುಂಬ ಬಂದವು. ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೇಮಶ್ರೀ ನಗುತ್ತಿದ್ದಳು. ಅವಳಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದು ಇದೆ ಎಂಬುದು ನನಗೆ ಗೊತ್ತಾದದ್ದೇ ಆಗ.

ನವೀನ್‌ಕುಮಾರ್ ಪಾಪ ಒಳ್ಳೆಯ ಮನುಷ್ಯ. ಏನೂ ಬೈಯದೆ ಎದ್ದು ಪ್ರೊಜೆಕ್ಟರಿನ ವೈರು ಸುತ್ತತೊಡಗಿದರು. ನಾನು ಮಾತ್ರ ಆ ಬಾಣವನ್ನೇ ನೆನೆಯುತ್ತ ನಿಂತಿದ್ದೆ. ಐವತ್ತಾರು ಗೊತ್ತಿಲ್ಲದಿದ್ದರೆ ಅದರ ಮೇಲೆ ಹೋಗಿ ನಿಂತದ್ದು ಏಕೆ? ನಿಂತು ಬಿಟ್ಟುಬಂದದ್ದು ಏಕೆ? ಮತ್ತೆ ಆ ದಪ್ಪ ಅಕ್ಷರಗಳನ್ನು ಓದಿದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಆನೆ ದಾರಿಗೆ ಬಂದರೆ ನಮಗೆ ಜೀವಭಯ, ಮಕ್ಕಳಿಗೆ ರಜೆ. ಸೋಲು ಎಂದು ನಾನು ಬರೆದಿಟ್ಟದ್ದು ಈ ಊರಿನ ಯಾವ ಮಗುವಿಗೂ ಸೋಲಲ್ಲ.

"ಸರ್, ವೈರ್ ಬುಡಿ" ಅಂದೆ. "ಇವ್ರಿಗೆ ಎಲ್ಲ ಬರುತ್ತೆ."

"ಮೇಡಂ, ಒಂದೂ ಸರಿ ಬರ್ಲಿಲ್ವಲ್ಲ" ಅಂದರು ನವೀನ್‌ಕುಮಾರ್.

"ಅದಕ್ಕೇ ಹೇಳ್ತಿರೋದು. ಮೂರ್ರಲ್ಲಿ ಒಂದು ಸರಿ ಇರುತ್ತೆ. ಕಣ್ಮುಚ್ಕಂಡು ಒತ್ತಿದ್ರೂ ನಾಕು ಜನದ್ದಾದ್ರೂ ಸರಿ ಆಗ್ಬೇಕಿತ್ತು. ಗೊತ್ತಿಲ್ದೋರು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಕ್ಕಾಗಲ್ಲ ಸರ್. ರಜೆ ಬೇಕು ಅಂತ ಬೇಕಂತ್ಲೇ ಮಾಡವ್ರೆ."

ಅವರ ಕೈ ವೈರಿನ ಮೇಲೆ ನಿಂತಿತು. "ಹಂಗಾರೆ ತೋರ್ಸಿ ನೋಡಾಣ" ಅಂದರು.

ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. 'ಸರಿಯಾದರೆ' ಎಂಬ ತುಂಡಿನಿಂದ 'ಹಿಂದೆ ಹೋಗಲಿ' ಎಂಬುದನ್ನು ಬಿಚ್ಚಿ 'ತಪ್ಪಾದರೆ' ಎಂಬುದಕ್ಕೆ ಸಿಕ್ಕಿಸಿದೆ. 'ಮುಂದೆ ಬರಲಿ' ಎಂಬುದನ್ನು ತಂದು 'ಸರಿಯಾದರೆ'ಗೆ ಸಿಕ್ಕಿಸಿದೆ. ಆನೆಯನ್ನು ಮತ್ತೆ ಮೊದಲಿನ ಜಾಗದಲ್ಲೇ ನಿಲ್ಲಿಸಿದೆ. ಈಗ ಸರಿ ಉತ್ತರಕ್ಕೆ ಆನೆ ಗೇಟಿಗೆ ಬರುತ್ತದೆ, ತಪ್ಪು ಉತ್ತರಕ್ಕೆ ತೋಟಕ್ಕೆ ಹೋಗುತ್ತದೆ. ಇಷ್ಟು ಕೆಲಸಕ್ಕೆ ಹಿಂದೆಯಾಗಿದ್ದರೆ ಶನಿವಾರದವರೆಗೆ ಕಾದು ಜೇಬಾಳ ಕಾಲು ಹಿಡಿಯಬೇಕಿತ್ತು. ಒಂದು ಲೋಟ ಚಹಾ ಆರುವಷ್ಟು ಹೊತ್ತಿನಲ್ಲಿ ನಾನೇ ಮುಗಿಸಿದೆ ಎಂಬುದರ ಹೆಮ್ಮೆ ಆ ಗಡಿಬಿಡಿಯಲ್ಲೂ ನನಗೆ ಆಯಿತು.

"ಕೇಳ್ರಪ್ಪ" ಅಂದೆ ಮಕ್ಕಳಿಗೆ. "ಇನ್ಮೇಲೆ ಸರಿ ಒತ್ತಿದ್ರೆ ಆನೆ ಬರೋದು. ತಪ್ಪು ಮಾಡಿದ್ರೆ ತೋಟಕ್ಕೆ ವಾಪಸ್ ಹೋಯ್ತದೆ."

ಮಧುಶ್ರೀ ಬಂದಳು, ಸರಿ. ಎರಡೆರಡ್ಲ ಆರು ಅಂದಿದ್ದವಳಿಗೆ ಈ ಸಲ ಒಂಬತ್ತಾರ್ಲ ಬಂತು, ಐವತ್ನಾಲ್ಕಕ್ಕೆ ಗುರಿ ಇಟ್ಟು ಹೊಡೆದಳು. ಒಬ್ಬರ ಹಿಂದೆ ಒಬ್ಬರು ಆನೆಯನ್ನು ಕರೆತಂದರು. ಚಂದನ್ ಒಬ್ಬ ಎಂಟೊಂಬತ್ಲದಲ್ಲಿ ನಿಜವಾಗಿಯೂ ತಪ್ಪಿದ. "ಆನೆ ಓಡಿಸ್ಬುಟ್ಟಲ್ಲೋ ಮಾರಾಯ" ಎಂದು ಇಡೀ ತರಗತಿ ಅವನ ಮೇಲೆ ಬಿತ್ತು. ಅವನು ಕಿವಿ ಹಿಡಿದುಕೊಂಡು, ಇನ್ನೆರಡು ಲೆಕ್ಕ ಬೇಡಿ, ಎರಡನ್ನೂ ಸರಿಮಾಡಿಕೊಟ್ಟು ಹೋದ.

ಮತ್ತೆ ಒಂದು ಹೆಜ್ಜೆ ಉಳಿಯಿತು. ಮತ್ತೆ ಹೇಮಶ್ರೀಯೇ ಉಳಿದಳು. ಅವಳ ಅದೃಷ್ಟವೋ ನನ್ನದೋ, ಅದೇ ಏಳೆಂಟ್ಲ ಬಂತು. ಬಾಣ ಐವತ್ತಾರಕ್ಕೆ ಹೋಯಿತು. ಈ ಸಲ ಎಲ್ಲಿಗೂ ಜಾರಲಿಲ್ಲ.

ಆನೆ ಗೇಟು ಮುಟ್ಟಿತು. ನನ್ನ ಕಣ್ಣು ಮಂಜಾಗಿದ್ದರಿಂದ ಪರದೆಯ ಅಕ್ಷರ ನನಗೆ ಸರಿಯಾಗಿ ಕಾಣಲಿಲ್ಲ. ಒಂದು ತಿಂಗಳಿಂದ ಕಿಟಕಿ ಪಕ್ಕ ಕೂತು ಆ ಮಗು ಎಲ್ಲ ಕಲಿತಿತ್ತು. ತಪ್ಪು ಮಾಡಿದರೂ ಯಾರೂ ನಗದ, ತಪ್ಪು ಮಾಡು ಎಂದು ಎಲ್ಲರೂ ಬೇಡಿಕೊಂಡ ಒಂದು ಆಟ ಅದಕ್ಕೆ ಬೇಕಾಗಿತ್ತು, ಅಷ್ಟೇ. ಆ ಆಟವನ್ನು ನಾನು ಬುದ್ಧಿಯಿಂದ ಮಾಡಿದ್ದಲ್ಲ, ಬುದ್ಧಿ ಕೆಟ್ಟು ಮಾಡಿದ್ದು. ಆದರೂ ನಾನೇ ಮಾಡಿದ್ದು.

ನವೀನ್‌ಕುಮಾರ್ ಸುತ್ತಿದ್ದ ವೈರನ್ನು ಬಿಚ್ಚಿ ಮತ್ತೆ ಕೆಳಗೆ ಬಿಟ್ಟರು. "ಇಲ್ಲೇ ಇರ್ಲಿ ಬಿಡಿ ಮೇಡಂ" ಅಂದರು. ಅಷ್ಟರಲ್ಲಿ ಮಕ್ಕಳು ಚೀಲ ಹೆಗಲಿಗೇರಿಸಿ ಬಾಗಿಲಿಗೆ ಹೋಗಿಯಾಗಿತ್ತು. ಕೃಷ್ಣಪ್ಪನವರು ಎದ್ದು ಅಡ್ಡ ನಿಂತರು.

"ಎಲ್ಲಿಗ್ರೋ? ಅದು ಚಿತ್ರದ ಆನೆ ಕಣ್ರೋ. ಇನ್ನೂ ಎರಡು ಪೀರಿಯಡ್ ಐತೆ. ಕೂತ್ಕಳಿ." ಆಮೇಲೆ ಹೇಮಶ್ರೀಯ ಮೇಲೆ ಅವರ ಕಣ್ಣು ಬಿತ್ತು. "ಏನವ್ವ, ಒತ್ತೋದೇನೋ ಒತ್ತಿದೆ. ಬಾಯಲ್ಲಿ ಹೇಳು ನೋಡಾಣ. ಏಳೆಂಟ್ಲ?"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ಹಾಕಲು ಹೊರಟವಳು ಹಾಗೇ ನಿಂತೆ. ಹೇಮಶ್ರೀ ಚೀಲದ ಪಟ್ಟಿ ಹಿಡಿದುಕೊಂಡು ಅವರ ಮುಖ ನೋಡುತ್ತಿದ್ದಳು. ಉಳಿದ ಮಕ್ಕಳೆಲ್ಲ ಅವಳನ್ನು ನೋಡುತ್ತಿದ್ದರು, ಯಾರೂ ನಗುತ್ತಿರಲಿಲ್ಲ.

"ಐವತ್ತಾರು ಸಾ" ಅಂದಳು. ಸ್ವಲ್ಪ ಒಡಕು ದನಿ, ಬಳಸದೆ ಇಟ್ಟದ್ದಲ್ಲವೇ. "ಆನೆ ತಂದಿದ್ದು ನಾನು. ರಜೆ ಕೊಡಿ."

ಕೃಷ್ಣಪ್ಪನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜಗಲಿಗೆ ಹೋಗಿ, ತಾವೇ ಶಾಲೆ ಬಿಡುವ ಉದ್ದ ಗಂಟೆ ಬಾರಿಸಿದರು.